ಗಟ್ಟಿಮೇಳದ ಆಚೆಗಿನ ರಾಗ

ನಿನ್ನೆ ಬೆಳಿಗ್ಗೆ ನನ್ನ ಹೆಂಡತಿ ಬೀಪಾತುಮ್ಮ ಹಿತ್ತಿಲಿನ ಮರದಿಂದ ಒಂದು ಮೊರ ಬಿಂಬುಳಿ ಕೊಯ್ದು ತಂದು, ಜಗಲಿಯಲ್ಲಿ ನನ್ನ ಎದುರಿಗೇ ಹರಡಿಕೊಂಡು ಕೂತಳು. ಉಪ್ಪಿನಕಾಯಿಗೆ ಹೆಚ್ಚುವ ಕೆಲಸ. ಬಿಂಬುಳಿ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆರಳುದ್ದದ ಹಸಿರು ಕಾಯಿ, ಗೊಂಚಲು ಗೊಂಚಲಾಗಿ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ, ಬೂತಾಯಿ ಮೀನಿನ ಸಾರಿಗೆ ಎರಡು ಬಿದ್ದರೆ ಹುಣಸೆಹುಳಿಯ ಮಾತೇ ಬೇಡ. ತಿನ್ನುವುದು ಹಾಗಿರಲಿ, ಇನ್ನೊಬ್ಬರು ಹೆಚ್ಚುವುದನ್ನು ನೋಡಿದರೇ ಬಾಯಲ್ಲಿ ನೀರು ಬರುತ್ತದೆ. ನನಗೂ ಬಂತು. ಅದರ ಜೊತೆಗೆ ಅರುವತ್ತು ವರ್ಷದ ಹಿಂದಿನ ಒಬ್ಬ ನಾಗಸ್ವರದವರ ಮುಖವೂ ನೆನಪಿಗೆ ಬಂತು.

ಆಗ ನನಗೆ ಏಳೋ ಎಂಟೋ ವರ್ಷ. ಬಂಟ್ವಾಳ ಪೇಟೆಯಲ್ಲಿ ನಮ್ಮ ಉಪ್ಪನ, ಎಂದರೆ ಅಪ್ಪನ, ಜವಳಿ ಅಂಗಡಿ. ಮದುವೆಯ ದಿಬ್ಬಣಗಳೆಲ್ಲ ಅಂಗಡಿಯ ಎದುರಿನಿಂದಲೇ ಹೋಗುತ್ತಿದ್ದವು. ಊದುವವರ ಎದುರು ಹುಳಿ ತಿಂದರೆ ಅವರ ಬಾಯಲ್ಲಿ ನೀರೂರಿ ಊದಲಿಕ್ಕೆ ಆಗುವುದಿಲ್ಲ ಎಂದು ಕಂಡುಹಿಡಿದವರು ಯಾರೋ ನನಗೆ ಗೊತ್ತಿಲ್ಲ, ಪ್ರಯೋಗ ಮಾಡಿದವನು ಮಾತ್ರ ನಾನು. ಎರಡು ಕೈಯಲ್ಲಿ ಬಿಂಬುಳಿ, ಚಡ್ಡಿಯ ಕಿಸೆಯಲ್ಲಿ ಉಪ್ಪು. ನಾಗಸ್ವರದವರ ಎದುರು ಹಿಮ್ಮುಖವಾಗಿ ನಡೆಯುತ್ತ, ಒಂದೊಂದೇ ಕಾಯನ್ನು ಉಪ್ಪಿಗೆ ಅದ್ದಿ, ಕಣ್ಣು ಮುಚ್ಚಿ, ಮುಖ ಕಿವುಚಿ ಕಚ್ಚಿದೆ. ಮೂರನೆಯ ಕಾಯಿಗೆ ಅವರ ರಾಗ ಬುಸ್ ಎಂದು ನಿಂತುಹೋಯಿತು. ದಿಬ್ಬಣವೇ ನಿಂತಿತು. ಉಪ್ಪ ಬಟ್ಟೆ ಅಳೆಯುವ ಕೋಲು ಹಿಡಿದುಕೊಂಡೇ ಇಳಿದು ಬಂದರು. ಆ ನಾಗಸ್ವರದವರು ಶಾಲಿನಲ್ಲಿ ಬಾಯಿ ಒರೆಸಿಕೊಂಡು, “ಬಿಡಿ ಸಾಹೇಬ್ರೇ, ಮಕ್ಕಳು. ಆದ್ರೆ ರಾಗವನ್ನು ಅರ್ಧದಲ್ಲಿ ಹಾಗೆ ನಿಲ್ಲಿಸ್ಬಾರ್ದು” ಎಂದಷ್ಟೇ ಹೇಳಿ ಬೇರೆ ಏನನ್ನೋ ಊದುತ್ತ ಮುಂದೆ ಹೋದರು. ಉಪ್ಪ ಬಿಡಲಿಲ್ಲ. ಆ ಕೋಲಿನ ರುಚಿ ನನ್ನ ಮೊಣಕಾಲಿಗೆ ಇವತ್ತಿಗೂ ನೆನಪುಂಟು.

ಆ ಅಂಗಡಿ ಮುಂದೆ ನನ್ನ ಕೈಗೆ ಬಂತು. ಮದುವೆ ಸೀರೆ ನಮ್ಮಲ್ಲಿ ಹೆಸರಾದ ವ್ಯಾಪಾರ. ಮಡಂತ್ಯಾರು, ಬೆಳ್ತಂಗಡಿ, ಆಚೆ ಮೂಡಬಿದ್ರೆಯಿಂದಲೂ ಜನ ಬರುತ್ತಿದ್ದರು. ಸೀರೆ ತೋರಿಸುವುದರಲ್ಲಿ ಒಂದು ಕ್ರಮ ಉಂಟು. ಮೊದಲು ಮೈ ತೋರಿಸಬೇಕು, ಆಮೇಲೆ ಅಂಚು, ಕೊನೆಗೆ ಸೆರಗು. ಗಿರಾಕಿ ಎಷ್ಟು ಅವಸರ ಮಾಡಿದರೂ ಸೆರಗು ಬಿಡಿಸದೆ ನಾನು ಸೀರೆ ಕೊಡುವವನಲ್ಲ. “ಇದೇ ಇರ್ಲಿ ಸಾಹೇಬ್ರೇ, ಬಸ್ಸಿಗೆ ಹೊತ್ತಾಯ್ತು” ಎನ್ನುವವರನ್ನೂ ಗದರಿಸಿ ಕೂರಿಸಿ, ಸೆರಗನ್ನು ಹೆಗಲ ಮೇಲೆ ಹಾಕಿ ತೋರಿಸಿಯೇ ಕಳಿಸುತ್ತಿದ್ದೆ.

ಸೀರೆ ಕೊಂಡವರು ಕಾಗದ ಕೊಡದೆ ಇರುತ್ತಾರೆಯೇ? ಏಪ್ರಿಲ್, ಮೇ ಬಂತೆಂದರೆ ನನ್ನ ಮೇಜಿನ ಮೇಲೆ ಮದುವೆಯ ಕಾಗದಗಳ ರಾಶಿ. ನಮ್ಮ ಕಡೆ ಇಂಥ ಮದುವೆಗಳಿಗೆ ಹೋಗುವವರದ್ದು ಮೂರೇ ಕೆಲಸ. ಹೋಗಿ ಮುಖ ತೋರಿಸುವುದು, ಉಡುಗೊರೆ ಕೊಡುವುದು, ಮೊದಲ ಪಂಕ್ತಿಯಲ್ಲಿ ಉಂಡು ಹೊರಡುವುದು. ನಾನು ಹೋಗುತ್ತಿದ್ದದ್ದು ನಾಲ್ಕನೆಯ ಕೆಲಸಕ್ಕೆ. ವಾದ್ಯ ಕೇಳಲಿಕ್ಕೆ.

ನಾಗಸ್ವರದ ಜಾಗಕ್ಕೆ ಸ್ಯಾಕ್ಸೋಫೋನ್ ಬಂದು ಆಗಲೇ ಎಷ್ಟೋ ವರ್ಷವಾಗಿತ್ತು. ಹೊಳೆಯುವ ಆ ಹಿತ್ತಾಳೆಯ ವಾದ್ಯ ಪರದೇಶದ್ದಂತೆ, ನನಗಂತೂ ಅದು ನಮ್ಮ ಊರಿನ ಮದುವೆಯಲ್ಲೇ ಹುಟ್ಟಿದ್ದು ಎನ್ನಿಸುತ್ತದೆ. ಪಕ್ಕದಲ್ಲಿ ಡೋಲು, ತಾಳ, ಶ್ರುತಿ ಪೆಟ್ಟಿಗೆ. ಸಾವಿರ ಜನ ಸೇರಿದ ಸಭಾಭವನದಲ್ಲಿ ಅದನ್ನು ಕೇಳುವವರು ಎಷ್ಟು? ಹೆಂಗಸರು ಒಬ್ಬರ ಸೀರೆ ಒಬ್ಬರು ನೋಡುತ್ತಿರುತ್ತಾರೆ, ಗಂಡಸರು ಫ್ಯಾನಿನ ಗಾಳಿ ಎಲ್ಲಿ ಬೀಳುತ್ತದೆ ಎಂದು ನೋಡುತ್ತಿರುತ್ತಾರೆ. ನಾನು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹೋಗಿ ವಾದ್ಯದವರ ಮಗ್ಗುಲಲ್ಲೇ ಹಾಕಿಕೊಂಡು ಕೂರುತ್ತಿದ್ದೆ.

ಇದರಿಂದ ಎಡವಟ್ಟುಗಳು ಆಗದೆ ಇಲ್ಲ. ಮಡಂತ್ಯಾರಿನ ಒಂದು ಮದುವೆಯಲ್ಲಿ ಹುಡುಗಿಯ ತಾಯಿ ಮೂರು ಸಲ ಬಂದು ನನ್ನನ್ನು ಊಟಕ್ಕೆ ಕರೆದರು. ಮೂರು ಸಲವೂ “ಮತ್ತೆ, ಮತ್ತೆ” ಎಂದು ಮುಂದೂಡಿದೆ. ನನ್ನ ಕಣ್ಣು ಮದುಮಗಳಿದ್ದ ವೇದಿಕೆಯ ಕಡೆಗೇ ಇತ್ತು, ಹುಬ್ಬು ಗಂಟಿಕ್ಕಿತ್ತು. ರಾಗ ಕೇಳುವಾಗ ನನ್ನ ಮುಖ ಹಾಗೇ, ಏನು ಮಾಡಲಿ? ನಾಲ್ಕನೆಯ ಸಲ ಆಕೆ ಹೆದರಿಕೊಂಡು ಬಂದು ಕಿವಿಯಲ್ಲಿ ಕೇಳಿದರು. “ಸಾಹೇಬ್ರೇ, ಸೀರೆಯಲ್ಲಿ ಎಂತಾದ್ರೂ ಹೆಚ್ಚುಕಮ್ಮಿ ಉಂಟಾ? ಆಗಿಂದ ನೋಡ್ತಾ ಇದ್ದೀರಿ!”

ಗಿರಾಕಿಗಳು ಸೀರೆಗೆ ಬಂದಾಗ ಹುಡುಗಿಯ ಬಣ್ಣ, ಎತ್ತರ ಕೇಳುವ ಮೊದಲೇ ನಾನು “ವಾದ್ಯ ಯಾರದ್ದು?” ಎಂದು ಕೇಳುವ ಮಟ್ಟಕ್ಕೆ ಬಂದಿದ್ದೆ. ಪಳ್ಳಿಯಲ್ಲಿ ನಮಾಜು ಮುಗಿಸಿ ಹೊರಗೆ ಬರುವಾಗ ಹಿರಿಯರೊಬ್ಬರು, “ವಾದ್ಯ ಕೇಳ್ಲಿಕ್ಕೆ ಮೂಡಬಿದ್ರೆಯವರೆಗೆ ಹೋಗ್ತೀರಂತಲ್ಲ?” ಎಂದರು. “ವ್ಯಾಪಾರ, ವ್ಯಾಪಾರ” ಎಂದು ಚಪ್ಪಲಿ ಹುಡುಕಿಕೊಂಡೆ.

ಇನ್ನು ವಿಷಯಕ್ಕೆ ಬರುತ್ತೇನೆ. ತೊಂಬತ್ತರ ದಶಕದ ಆರಂಭದಲ್ಲಿರಬೇಕು, ನನಗೆ ಐವತ್ತು ದಾಟಿತ್ತು. ಬೆಳ್ತಂಗಡಿಯ ಒಂದು ಮದುವೆ. ಸ್ಯಾಕ್ಸೋಫೋನಿಗೆ ಮೂಡಬಿದ್ರೆಯ ಐತಪ್ಪಣ್ಣ, ಡೋಲಿಗೆ ಅವರ ಜೋಡಿ ಬಾಬಣ್ಣ. ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಐತಪ್ಪಣ್ಣ ಒಂದು ರಾಗ ಎತ್ತಿಕೊಂಡರು. ಹಾಡಲ್ಲ, ಬರೀ ರಾಗ. ತಗ್ಗಿನ ಒಂದು ಸ್ವರದಲ್ಲಿ ಶುರುವಾಗಿ, ಅವಸರವಿಲ್ಲದೆ ಒಂದೊಂದೇ ಮೆಟ್ಟಿಲು ಹತ್ತಿತು. ಅದು ಯಾವ ರಾಗ ಎಂದು ನನಗೆ ಗೊತ್ತಿಲ್ಲ, ಗೊತ್ತಿದ್ದವರಲ್ಲಿ ಕೇಳಲಿಕ್ಕೆ ನಾಚಿಕೆ. ಆದರೆ ನನ್ನ ರೋಮ ಎದ್ದು ನಿಂತಿತು. ಅದು ಹತ್ತಿ ಹತ್ತಿ ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಮಂಟಪದಲ್ಲಿದ್ದ ಪುರೋಹಿತರು ಬಲಗೈ ಎತ್ತಿ ಬೆರಳು ಆಡಿಸಿದರು. ಬಾಬಣ್ಣ ಡೋಲಿನ ಮೇಲೆ ಬಿದ್ದರು. ಗಟ್ಟಿಮೇಳ!

ಗಟ್ಟಿಮೇಳವನ್ನು ನಾನು ದೂರುತ್ತಿಲ್ಲ. ಧಾರೆಯ ಹೊತ್ತಿಗೆ ಯಾರದ್ದಾದರೂ ಸೀನು, ಅಳು, ಕೆಟ್ಟ ಮಾತು ವಧೂವರರ ಕಿವಿಗೆ ಬೀಳಬಾರದು ಎಂದು ಹಿರಿಯರು ಮಾಡಿದ ಕ್ರಮ. ಪುರೋಹಿತರ ಕೈ ಮೇಲೆ ಹೋದ ಕ್ಷಣಕ್ಕೆ, ವಾದ್ಯದವರು ಏನು ನುಡಿಸುತ್ತಿದ್ದರೂ ಬಿಟ್ಟು ಗಟ್ಟಿಮೇಳ ಹೊಡೆಯಬೇಕು. ಜನ ಎದ್ದು ಅಕ್ಷತೆ ಹಾಕಬೇಕು. ಎಲ್ಲ ಸರಿಯೇ. ಆದರೆ ಗಟ್ಟಿಮೇಳ ನಿಂತ ಮೇಲೆ ಐತಪ್ಪಣ್ಣ ಆ ರಾಗಕ್ಕೆ ತಿರುಗಿ ಬರಲಿಲ್ಲ. ಬೇರೆ ಯಾವುದೋ ಹಾಡು ಹಿಡಿದರು. ನನಗೆ ಯಾರೋ ಬೆಲೆಬಾಳುವ ಸೀರೆಯ ಮೈ ತೋರಿಸಿ, ಅಂಚು ತೋರಿಸಿ, ಸೆರಗು ಬಿಡಿಸುವಷ್ಟರಲ್ಲಿ ಅಂಗಡಿಯ ಬಾಗಿಲು ಹಾಕಿದ ಹಾಗಾಯಿತು.

ಅವತ್ತೇ ನಿಶ್ಚಯ ಮಾಡಿದೆ. ಈ ರಾಗದ ಸೆರಗು ನೋಡಿಯೇ ಸೈ.

ಆಮೇಲೆ ಹನ್ನೆರಡು ವರ್ಷ ಐತಪ್ಪಣ್ಣ ಹೋದ ಮದುವೆಗೆಲ್ಲ ನಾನೂ ಹೋದೆ ಎಂದರೆ ಹೆಚ್ಚಾಗಲಿಕ್ಕಿಲ್ಲ. ಎಲ್ಲ ಕಡೆಯೂ ಅದೇ ಕತೆ. ಮುಹೂರ್ತಕ್ಕೆ ಮೊದಲು ಅದೇ ರಾಗ, ಅದೇ ಮೆಟ್ಟಿಲು, ತುದಿಗೆ ಬರುವಾಗ ಪುರೋಹಿತರ ಕೈ. ಒಬ್ಬ ಪುರೋಹಿತರಲ್ಲಿ ಮೊದಲೇ ಹೋಗಿ, “ಭಟ್ರೇ, ಸ್ವಲ್ಪ ತಡ್ಕೊಂಡು ಕೈ ಎತ್ತಿ ಆಯ್ತಾ, ರಾಗ ಮುಗಿಯಲಿ” ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಸಾಹೇಬ್ರೇ, ಮುಹೂರ್ತ ನಿಮ್ಮ ಜವಳಿಯಾ? ಎಳೆದ ಹಾಗೆ ಬರ್ಲಿಕ್ಕೆ?” ಎಂದರು. ಐತಪ್ಪಣ್ಣನನ್ನೇ ಹಿಡಿದು ಕೇಳುವ ಎಂದರೆ ಧಾರೆ ಆದ ಕೂಡಲೇ ಅವರಿಗೆ ಊಟ, ಊಟವಾದ ಕೂಡಲೇ ಇನ್ನೊಂದು ಊರಿನ ಸಂಜೆಯ ಕಾರ್ಯಕ್ರಮ. ಕೈ ತೊಳೆಯುವಲ್ಲಿ ಒಮ್ಮೆ ಸಿಕ್ಕಿದರು. “ಆ ರಾಗ...” ಎಂದು ಶುರುಮಾಡಿದೆ. “ಖುಷಿಯಾಯ್ತು ಸಾಹೇಬ್ರೇ, ಇಷ್ಟಾದ್ರೂ ಕೇಳ್ತೀರಲ್ಲ” ಎಂದು ಒದ್ದೆ ಕೈಯಲ್ಲೇ ಮುಗಿದು ವ್ಯಾನು ಹತ್ತಿದರು.

ಸಂಜೆಯ ಆರತಕ್ಷತೆಗಳಿಗೂ ಹೋಗಿ ನೋಡಿದೆ. ಅಲ್ಲಿ ಗಟ್ಟಿಮೇಳದ ಭಯವಿಲ್ಲ. ಆದರೆ ಅಷ್ಟರಲ್ಲಿ ಆರತಕ್ಷತೆಗೆ ಸ್ಯಾಕ್ಸೋಫೋನ್ ಬಿಟ್ಟು ರಸಮಂಜರಿ ಕರೆಸುವ ಹೊಸ ಕ್ರಮ ಬಂದಿತ್ತು. ಕೀಬೋರ್ಡು, ಬಣ್ಣದ ದೀಪ, ಸಿನೆಮಾ ಹಾಡು. ಹೋದ ತಪ್ಪಿಗೆ ಕೂತೆ, ಕೂತವನಿಗೆ ಅದರ ರುಚಿಯೂ ಹತ್ತಿತು. ಎರಡನೆಯ ಸಲ ಹೋದಾಗ ಚೀಟಿಯಲ್ಲಿ ಒಂದು ಹಳೆಯ ಹಾಡಿನ ಮೊದಲ ಸಾಲು ಬರೆದು ವೇದಿಕೆಗೆ ಕಳಿಸಿದೆ. ಹಾಡುವ ಹುಡುಗಿ ಮೈಕಿನಲ್ಲಿ, “ಬಿಳಿ ಗಡ್ಡದ ಅಂಕಲ್ ಕೇಳಿದ್ದಾರೆ, ಜೋರಾಗಿ ಚಪ್ಪಾಳೆ!” ಎಂದಳು. ಇಡೀ ಮೈದಾನ ನನ್ನ ಕಡೆ ತಿರುಗಿತು. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು.

“ಪ್ರಾಯ ಅರುವತ್ತಾಯ್ತು. ಇನ್ನು ಕುಣೀಲಿಕ್ಕೆ ಯಾವಾಗ ಹೋಗುದು?” ಎಂದಳು ಬೀಪಾತುಮ್ಮ.

“ಮೊಣಕಾಲು ಬಿಟ್ರೆ ನಾಳೆಯೇ” ಎಂದೆ.

ದುಬೈಯಲ್ಲಿದ್ದ ಮಗ ರಜೆಯಲ್ಲಿ ಬರುವಾಗ ಒಂದು ಟೇಪ್ ರೆಕಾರ್ಡರ್ ತಂದ. ತಾಯಿಗೆಂದು ತಂದದ್ದು, ಉಪಯೋಗಕ್ಕೆ ಬಿದ್ದದ್ದು ನನಗೆ. ಅದನ್ನು ಚೀಲದಲ್ಲಿಟ್ಟುಕೊಂಡು ಮೂಡಬಿದ್ರೆಯ ಮದುವೆಗೆ ಹೋಗಿ ಆ ರಾಗ ಹಿಡಿದು ತಂದೆ. ಹಿಡಿದು ತಂದೆ ಎಂದರೆ ಗಟ್ಟಿಮೇಳದ ಸಮೇತ. ಪ್ರತಿ ಶುಕ್ರವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ಕ್ಯಾಸೆಟ್ ಹಾಕುವುದು. ರಾಗ ಹತ್ತುತ್ತದೆ, ಹತ್ತುತ್ತದೆ, ನಾನು ಕಣ್ಣು ಮುಚ್ಚುತ್ತೇನೆ. ಡೋಲು ಬಡಿದ ಕೂಡಲೇ ಅಡುಗೆಮನೆಯಿಂದ ಬೀಪಾತುಮ್ಮನ ದನಿ ಕೇಳುತ್ತದೆ. “ಹಾಂ, ಮದುವೆ ಆಯ್ತು. ಇನ್ನು ಊಟಕ್ಕೆ ಬನ್ನಿ!”

ನಗಬೇಡಿ. ಅಷ್ಟರಲ್ಲಿ ನನಗೆ ನಗಲಿಕ್ಕಾಗದ ಒಂದು ಸಂಗತಿ ಬಂದಿತ್ತು. ಎಡಗಿವಿ ಮಂದವಾಗುತ್ತ ಬಂದು, ಗಿರಾಕಿಗಳು ಆ ಕಡೆಯಿಂದ ಕೆಂಪು ಕೇಳಿದರೆ ನಾನು ಹಸಿರು ಬಿಡಿಸಲಿಕ್ಕೆ ಶುರುಮಾಡಿದ್ದೆ. ಮಂಗಳೂರಿನ ಡಾಕ್ಟರು ಕಿವಿಗೆ ಯಂತ್ರ ಇಟ್ಟು ನೋಡಿ, ಎಡದ್ದು ಹೋಯಿತು, ಬಲದ್ದೂ ಅದೇ ದಾರಿ ಹಿಡಿದಿದೆ, ಕೆಲವು ವರ್ಷ ಇದ್ದೀತು ಎಂದರು. ಮಾತಿಗೆ ಯಂತ್ರ ಹಾಕಿಕೊಳ್ಳಬಹುದಂತೆ, ಸಂಗೀತ ಮಾತ್ರ ಅದರಲ್ಲಿ ತಗಡು ಬಡಿದ ಹಾಗೆ ಕೇಳುತ್ತದಂತೆ. ಬಸ್ಸಿನಲ್ಲಿ ಹಿಂದೆ ಬರುವಾಗ ನನಗೆ ಮಗನ ಯೋಚನೆ ಬರಲಿಲ್ಲ, ಅಂಗಡಿಯ ಯೋಚನೆ ಬರಲಿಲ್ಲ. ಆ ರಾಗದ ಕೊನೆ ಕೇಳುವ ಮೊದಲೇ ಕಿವಿ ಹೋದರೆ ಎಂಬ ಒಂದೇ ಯೋಚನೆ ಬಂತು. ಹೇಳಿಕೊಳ್ಳಲಿಕ್ಕೆ ನಾಚಿಕೆ, ಆದರೆ ಇದ್ದದ್ದು ಹಾಗೆ. ಅಲ್ಲಿಂದ ಮೇಲೆ ನನ್ನ ಹಟ ಇಮ್ಮಡಿಯಾಯಿತು.

ಕಳೆದ ಜೂನ್ ಮೊದಲ ವಾರ ಬಂಟ್ವಾಳದಲ್ಲೇ ಒಂದು ಮದುವೆ. ಆ ಸಲ ಮಳೆ ಮೊದಲೇ ಹಿಡಿದಿತ್ತು. ಕೊಕ್ಕಡದಿಂದ ಬರಬೇಕಾದ ಹುಡುಗನ ದಿಬ್ಬಣ ದಾರಿಗೆ ಮರ ಬಿದ್ದು ನಡುವಿನಲ್ಲೇ ಸಿಕ್ಕಿಹಾಕಿಕೊಂಡಿತು. ಪುರೋಹಿತರು ಪಂಚಾಂಗ ನೋಡಿ ಒಂದೂಕಾಲರವರೆಗೂ ಲಗ್ನ ಉಂಟು, ಗಾಬರಿ ಬೇಡ ಎಂದರು. ಜನರ ಕೈಗೆ ಅಕ್ಷತೆಯ ಪೊಟ್ಟಣ ಆಗಲೇ ಹಂಚಿಯಾಗಿತ್ತು. ಹುಡುಗಿಯ ತಂದೆ ಬಂದು ಐತಪ್ಪಣ್ಣನಲ್ಲಿ, “ಜನ ಎದ್ದು ಹೋಗದ ಹಾಗೆ ಎಂತಾದ್ರೂ ಬಾರಿಸ್ತಾ ಇರಿ ಮಾರಾಯ್ರೇ” ಎಂದರು.

ಐತಪ್ಪಣ್ಣ ಆ ರಾಗ ಎತ್ತಿಕೊಂಡರು.

ನಾನು ಬಲಗಿವಿಯನ್ನು ಅವರ ಕಡೆಗೆ ತಿರುಗಿಸಿ ಕೂತೆ. ಮದುಮಗನಿಲ್ಲ. ಮದುಮಗನಿಲ್ಲದೆ ಧಾರೆಯಿಲ್ಲ, ಧಾರೆಯಿಲ್ಲದೆ ಗಟ್ಟಿಮೇಳವಿಲ್ಲ. ಇವತ್ತು ಇದನ್ನು ತಡೆಯುವವರು ಯಾರು? ನನ್ನ ಕುರ್ಚಿ ಮಂಟಪಕ್ಕೂ ಬಾಬಣ್ಣನ ಡೋಲಿಗೂ ನಡುವೆ ಇತ್ತು. ಬಾಬಣ್ಣ ಕಾದು ಕಾದು ತೂಕಡಿಸುತ್ತಿದ್ದರು. ರಾಗ ಮೆಟ್ಟಿಲು ಹತ್ತಿತು. ಯಾವಾಗಲೂ ನಿಲ್ಲುವ ಜಾಗ ಬಂತು, ನಿಲ್ಲಲಿಲ್ಲ. ಅದನ್ನು ದಾಟಿತು. ತುದಿ ಮುಟ್ಟಿತು. ತುದಿಯಲ್ಲಿ ಐತಪ್ಪಣ್ಣ ಒಂದೇ ಸ್ವರವನ್ನು ಉಸಿರು ಇರುವಷ್ಟು ಹೊತ್ತು ಹಿಡಿದು, ಮೆಲ್ಲಗೆ ಒಂದು ಹೆಜ್ಜೆ ಕೆಳಗಿಳಿಸಿದರು.

ಆ ಒಂದು ಹೆಜ್ಜೆಗೆ ನನಗೆ ತಡೆಯಲಿಕ್ಕಾಗಲಿಲ್ಲ. “ಆಹಾ!” ಎಂದು ಬಲಗೈಯನ್ನು ಮೇಲೆತ್ತಿ ಬೆರಳು ಆಡಿಸಿದೆ.

ನಲುವತ್ತು ವರ್ಷ ಕಡೆಗಣ್ಣಿನಲ್ಲಿ ಒಂದು ಕೈ ಮೇಲೆ ಹೋಗುವುದನ್ನೇ ಕಾದು ಅಭ್ಯಾಸವಾದ ಮನುಷ್ಯ ಬಾಬಣ್ಣ. ಮಂಟಪದ ಕಡೆಯಿಂದ ಒಂದು ಕೈ ಮೇಲೆ ಹೋಯಿತು. ಯಾರ ಕೈ ಎಂದು ನೋಡುವ ಪುರುಸೊತ್ತು ಯಾರಿಗುಂಟು? ತೂಕಡಿಕೆಯಿಂದ ಎದ್ದವರೇ ಡೋಲಿನ ಮೇಲೆ ಬಿದ್ದರು. ಗಟ್ಟಿಮೇಳ!

ಮುಂದೆ ಆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಬೆವರು ಬರುತ್ತದೆ. ಇಡೀ ಸಭಾಭವನ ಎದ್ದು ನಿಂತಿತು. ಹಿಂದೆ ಕೂತವರಿಗೆ ಮಂಟಪ ಕಾಣುತ್ತಿರಲಿಲ್ಲ, ಎದುರಿನವರಿಗೆ ಕಾಣುತ್ತಿದ್ದರೂ ಕೈ ತಡೆಯಲಿಲ್ಲ. ಸಾವಿರ ಜನ ಖಾಲಿ ಮಂಟಪಕ್ಕೆ ಅಕ್ಷತೆ ಹಾಕಿದರು. ವೀಡಿಯೋದವನು ಲೈಟು ಹಾಕಿಕೊಂಡು ಓಡಿಬಂದು, ಅಲ್ಲಿ ಒಂಟಿಯಾಗಿ ಕೂತಿದ್ದ ಪುರೋಹಿತರನ್ನು ಎಲ್ಲ ಕೋನದಿಂದಲೂ ಹಿಡಿದ. ಅಡುಗೆಯವರಿಗೆ ಗಟ್ಟಿಮೇಳವೇ ಗಡಿಯಾರ. ಎಲೆ ಹಾಕಿ ಉಪ್ಪಿನಕಾಯಿ ಬಡಿಸಿಯೇಬಿಟ್ಟರು. ಮೊದಲ ಪಂಕ್ತಿಯ ಜನ ಯಾವ ಪ್ರಶ್ನೆಯನ್ನೂ ಕೇಳದೆ ಹೋಗಿ ಕೂತರು. ಮದುಮಗ ಬರುವಾಗ ಅವರು ಪಾಯಸ ಮುಗಿಸಿದ್ದರು.

ಹುಡುಗಿಯ ಅಜ್ಜಿ ಮಾತ್ರ ಕಣ್ಣಲ್ಲಿ ನೀರು ತಂದುಕೊಂಡು, “ಇದೆಂತ ಭಟ್ರೇ, ಶಕುನವಾ ಅಪಶಕುನವಾ?” ಎಂದು ಕೇಳಿದರು. ನಾನು ಕುರ್ಚಿಯಲ್ಲಿ ಕಲ್ಲಾಗಿದ್ದೆ. ಪುರೋಹಿತರು ತಲೆಯ ಮೇಲಿನ ಅಕ್ಷತೆ ಕೊಡಹಿಕೊಂಡು, “ಅಮ್ಮ, ಒಂದು ಗಟ್ಟಿಮೇಳ ಒಳ್ಳೇದು. ಎರಡಾದ್ರೆ ಎರಡು ಪಾಲು ಒಳ್ಳೇದು. ಒಂದು ನನ್ನ ಲೆಕ್ಕದ್ದು, ಇನ್ನೊಂದು ಸಾಹೇಬ್ರದ್ದು” ಎಂದರು. ಜನ ನಕ್ಕರು, ಅಜ್ಜಿಯೂ ನಕ್ಕರು. ಒಳಗಿನ ಕೋಣೆಯಲ್ಲಿ ಮದುಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳಂತೆ. ಅರ್ಧ ಗಂಟೆಯಲ್ಲಿ ದಿಬ್ಬಣ ಬಂತು, ಮದುವೆ ಸಾಂಗವಾಗಿ ಆಯಿತು. ನಾನು ಉಣ್ಣದೆ ಹಿಂದಿನ ಬಾಗಿಲಿನಿಂದ ಹೊರಟುಬಂದೆ.

ಊರೆಲ್ಲ ನಕ್ಕದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಹನ್ನೆರಡು ವರ್ಷ ಪುರೋಹಿತರ ಕೈಯನ್ನು ಶಪಿಸುತ್ತಿದ್ದವನು ನಾನು. ಕೊನೆಗೂ ರಾಗ ತುದಿ ದಾಟಿ ಇಳಿಯಲಿಕ್ಕೆ ಹೊರಟಾಗ ಅದನ್ನು ಕಡಿದದ್ದು ನನ್ನದೇ ಕೈ. ಬಿಂಬುಳಿ ಒಂದು ಇರಲಿಲ್ಲ ಅಷ್ಟೆ. ಆಮೇಲೆ ಆರೇಳು ತಿಂಗಳು ನಾನು ಒಂದು ಮದುವೆಗೂ ಹೋಗಲಿಲ್ಲ. ಕಾಗದಗಳು ಮೇಜಿನ ಮೇಲೆ ಧೂಳು ತಿಂದವು. ಕ್ಯಾಸೆಟ್ಟನ್ನೂ ಹಾಕಲಿಲ್ಲ. ಬೀಪಾತುಮ್ಮ ಎರಡು ಶುಕ್ರವಾರ ಸುಮ್ಮನಿದ್ದು, ಮೂರನೆಯ ಶುಕ್ರವಾರ, “ಇವತ್ತೂ ಮದುವೆ ಇಲ್ವಾ?” ಎಂದು ಕೇಳಿದಳು.

ಹೊಸ ವರ್ಷ ಬಂದ ಮೇಲೆ ಒಂದು ದಿನ ಅಂಗಡಿಯಲ್ಲಿ ಯಾರಿಗೋ ಸೀರೆ ತೋರಿಸುತ್ತಿದ್ದೆ. ಆಕೆ ಸೆರಗು ನೋಡದೆ ಎದ್ದರು. ಯಾವಾಗಲೂ ಗದರಿಸುವವನು ಅವತ್ತು ಸುಮ್ಮನೆ ಮಡಚಿ ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ನನಗೇ ನನ್ನ ಮೇಲೆ ಸಿಟ್ಟು ಬಂತು. ಹೀಗೆ ಬಿಟ್ಟುಕೊಡುವುದಕ್ಕೆ ಇಷ್ಟು ವರ್ಷ ಓಡಾಡಿದ್ದೇ? ಮದುವೆಯಲ್ಲಿ ಆಗದಿದ್ದರೆ ಮನೆಯಲ್ಲಿ ಆಗಲಿ. ಮೊನ್ನೆ ಶನಿವಾರ ಬೆಳಿಗ್ಗೆ ಒಂದು ಒಳ್ಳೆಯ ಪಂಚೆ, ಒಂದು ಶಾಲು ಕಟ್ಟಿಕೊಂಡು ಮೂಡಬಿದ್ರೆಯ ಬಸ್ಸು ಹತ್ತಿದೆ.

ಐತಪ್ಪಣ್ಣ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದ ಮನೆಯ ಬಾಬಣ್ಣನೂ ಅಲ್ಲೇ ಇದ್ದರು. ನನ್ನನ್ನು ಕಂಡ ಕೂಡಲೇ ಬಾಬಣ್ಣ, “ಅಯ್ಯೋ, ಕೈ ಕೆಳಗೆ ಇಡಿ ಸಾಹೇಬ್ರೇ!” ಎಂದು ಎದ್ದು ನಿಂತರು. ನಾನು ತಪ್ಪಾಯಿತು ಎಂದೆ. ಬಾಬಣ್ಣ ತಪ್ಪು ನನ್ನದು ಎಂದರು. ಐತಪ್ಪಣ್ಣ ನಕ್ಕರು. ನಗುವಾಗ ಮೇಲಿನ ಒಂದು ಮುಂದಿನ ಹಲ್ಲು ಇಲ್ಲದ್ದು ಕಂಡಿತು.

“ಇನ್ನೊಂದು ಅಲ್ಲಾಡ್ತಾ ಉಂಟು” ಎಂದು ಬೆರಳಿನಲ್ಲಿ ತೋರಿಸಿದರು. “ಸೋಮವಾರ ಕೀಳ್ಲಿಕ್ಕೆ ಹೇಳಿದ್ದಾರೆ. ಈ ಹಲ್ಲು ಊರಿಯೇ ಊದುದು ನಾವು. ಅದು ಹೋದ್ರೆ ಮತ್ತೆ ಊದ್ಲಿಕ್ಕೆ ಆಗುದಿಲ್ಲ. ಮಗ ನೋಡಿಕೊಳ್ತಾನೆ ಇನ್ನು.”

ಒಂದು ಕಡೆ ನನ್ನ ಕಿವಿ, ಇನ್ನೊಂದು ಕಡೆ ಅವರ ಹಲ್ಲು. ಮುಚ್ಚುಮರೆ ಮಾಡದೆ ಎಲ್ಲವನ್ನೂ ಹೇಳಿದೆ. ಬೆಳ್ತಂಗಡಿಯ ಮದುವೆ, ಕ್ಯಾಸೆಟ್, ಡಾಕ್ಟರು, ಚಿಕ್ಕಂದಿನ ಬಿಂಬುಳಿ ಕೂಡ. “ಆ ರಾಗವನ್ನು ಕೊನೆಯವರೆಗೆ ಒಮ್ಮೆ ನುಡಿಸಿ ಐತಪ್ಪಣ್ಣ. ನನಗೆ ಬೇರೆ ಎಂತದೂ ಬೇಡ.”

ಐತಪ್ಪಣ್ಣ ಬಾಬಣ್ಣನ ಮುಖ ನೋಡಿದರು. ಆಮೇಲೆ, “ಅದಕ್ಕೆ ಕೊನೆ ಇಲ್ಲ ಸಾಹೇಬ್ರೇ” ಎಂದರು.

“ಹಾಗೆಂದ್ರೆ?”

“ನಮ್ಮ ಗುರುಗಳು ಹತ್ಲಿಕ್ಕೆ ಮಾತ್ರ ಹೇಳಿಕೊಟ್ಟದ್ದು. ಮದುವೆಗೆ ಅಷ್ಟು ಸಾಕು, ಮತ್ತೆ ಭಟ್ರ ಕೈ ಉಂಟಲ್ಲ ಅಂದ್ರು. ನಾನು ಭಟ್ರ ಕೈ ನೋಡಿಕೊಂಡೇ ನುಡಿಸುದು. ಆ ಕೈ ಎತ್ತಿದ್ದೇ ಅದರ ಕೊನೆ. ಆವತ್ತು ಬಂಟ್ವಾಳದಲ್ಲಿ ಒಂದು ಹೆಜ್ಜೆ ಇಳಿದೆ ನೋಡಿ, ಮುಂದೆ ಎಲ್ಲಿಗೆ ಹೋಗುದು ಅಂತ ನನಗೇ ಗೊತ್ತಿರ್ಲಿಲ್ಲ. ನಿಮ್ಮ ಕೈ ಕಂಡದ್ದು ನನಗೆ ದೇವರು ಬಂದ ಹಾಗಾಯ್ತು.”

ಹನ್ನೆರಡು ವರ್ಷ ನಾನು ನೇಯದೇ ಇದ್ದ ಸೆರಗನ್ನು ಹುಡುಕಿಕೊಂಡು ತಿರುಗಿದ್ದೆ! ಒಂದು ಗಳಿಗೆ ಎದ್ದು ಹೋಗಿಬಿಡುವ ಎನ್ನಿಸಿತು. ಆದರೆ ಎದ್ದು ಹೋದರೆ ಸೋಮವಾರ ಬರುತ್ತದೆ.

“ಹಾಗಾದ್ರೆ ಇವತ್ತು ಮಾಡುವ” ಎಂದೆ. “ನಾನು ಸಂಜೆಯ ಬಸ್ಸಿನವರೆಗೆ ಕೂತುಕೊಳ್ತೇನೆ. ಅದರಲ್ಲಿ ಆಗದಿದ್ರೆ ನಾಳೆ ಮತ್ತೆ ಬರ್ತೇನೆ.”

“ಹಟ ಉಂಟು ನಿಮಗೆ” ಎಂದು ಐತಪ್ಪಣ್ಣ ಒಳಗೆ ಹೋಗಿ ವಾದ್ಯ ತಂದರು.

ಮೊದಲ ಸಲ ತುದಿಯವರೆಗೆ ಹೋಗಿ ಅಭ್ಯಾಸಬಲದಿಂದ ನಿಲ್ಲಿಸಿ ಪಕ್ಕಕ್ಕೆ ನೋಡಿದರು. ಪಕ್ಕದಲ್ಲಿ ಒಂದು ತೆಂಗಿನಮರ ಇತ್ತು. ಎರಡನೆಯ ಸಲ ನಾಲ್ಕು ಹೆಜ್ಜೆ ಇಳಿದು ದಾರಿ ತಪ್ಪಿ ಬೇರೆ ಯಾವುದೋ ಹಾಡಿನ ಒಳಗೆ ಹೋದರು. ಅವರೇ ತಲೆಯಾಡಿಸಿ ನಿಲ್ಲಿಸಿ, ಅವರ ಮನೆಯವರು ತಂದ ಎಳನೀರು ಕುಡಿದು, ಹಲ್ಲನ್ನು ಒಮ್ಮೆ ಅಲ್ಲಾಡಿಸಿ ನೋಡಿಕೊಂಡರು. ಮೂರನೆಯ ಸಲ ಶುರುಮಾಡುವ ಮೊದಲು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿ ಕೂತರು. ಬಾಬಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ನನ್ನ ಎರಡೂ ಕೈಯನ್ನು ತೊಡೆಯ ಅಡಿಗೆ ತಳ್ಳಿ ಅದರ ಮೇಲೆ ಕೂತೆ.

ರಾಗ ಹತ್ತಿತು. ತುದಿಯಲ್ಲಿ ನಿಂತಿತು. ಇಳಿಯಲಿಕ್ಕೆ ಶುರುವಾಯಿತು. ಐತಪ್ಪಣ್ಣನ ಕಣ್ಣು ನನ್ನ ಮೇಲಿತ್ತು. ಕೈ ಎತ್ತಿ, ಸಾಕು ಎನ್ನಿ ಎಂದು ಆ ಕಣ್ಣು ಕೇಳುತ್ತಿತ್ತು. ನನ್ನ ಬೆರಳುಗಳು ಜೋಮು ಹಿಡಿದಿದ್ದವು, ನಾನು ಅಲ್ಲಾಡಲಿಲ್ಲ. ಅವರು ಹತ್ತಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತ ಇಳಿದರು. ಒಂದು ಕಡೆ ನಿಂತು ಯೋಚಿಸಿದರು. ಮತ್ತೆ ಇಳಿದರು. ಕೊನೆಗೆ ಶುರುಮಾಡಿದ ಆ ತಗ್ಗಿನ ಸ್ವರಕ್ಕೆ ಬಂದು, ಅದಕ್ಕಿಂತ ಕೆಳಗಿನ ಇನ್ನೊಂದನ್ನು ಸಣ್ಣಗೆ ಮುಟ್ಟಿ, ತಿರುಗಿ ಅದರಲ್ಲೇ ಬಂದು ನಿಂತರು. ಉಸಿರು ಮುಗಿಯಿತು. ಯಾರೂ ಡೋಲು ಬಾರಿಸಲಿಲ್ಲ.

ಐತಪ್ಪಣ್ಣ ವಾದ್ಯವನ್ನು ಬಾಯಿಂದ ತೆಗೆ‌ದು, “ಇದುವಾ?” ಎಂದರು, ನನ್ನಲ್ಲಿ ಕೇಳಿದರೆ ಗೊತ್ತಾದೀತು ಎನ್ನುವ ಹಾಗೆ.

“ಇದುವೇ” ಎಂದೆ. ಅಷ್ಟು ಹೇಳುವಾಗ ನನ್ನ ಗಡ್ಡ ಒದ್ದೆಯಾಗಿತ್ತು. ಅವರ ಕಣ್ಣೂ ಒಣಗಿರಲಿಲ್ಲ. ಬಾಬಣ್ಣ ಎದ್ದು ಹೋಗಿ ತೆಂಗಿನಮರಕ್ಕೆ ಒರಗಿ ನಿಂತರು. ನಾನು ತಂದ ಶಾಲನ್ನು ಐತಪ್ಪಣ್ಣನ ಹೆಗಲಿಗೆ ಹಾಕಿದೆ.

ಇನ್ನೊಮ್ಮೆ ನುಡಿಸಿ ಎಂದು ಕೇಳಲಿಲ್ಲ. ಹಲ್ಲಿನ ಬುಡದಲ್ಲಿ ರಕ್ತ ಕಂಡಿತ್ತು. ಟೇಪ್ ರೆಕಾರ್ಡರನ್ನು ನಾನು ಕೊಂಡುಹೋಗಿರಲಿಲ್ಲ. ಮರೆತದ್ದೋ ಬೇಡ ಎಂದು ಬಿಟ್ಟದ್ದೋ ಈಗ ಹೇಳಲಾರೆ. ಬಸ್ಸಿನಲ್ಲಿ ಬಂಟ್ವಾಳದವರೆಗೂ ಆ ಕೊನೆಯನ್ನು ಬಾಯೊಳಗೇ ಗುನುಗಿಕೊಂಡು ಬಂದೆ, ಎಲ್ಲಿ ಬಿದ್ದುಹೋಗುತ್ತದೋ ಎಂಬ ಹೆದರಿಕೆಯಿಂದ.

ಹೀಗೆ ನಿನ್ನೆ ಬೆಳಿಗ್ಗೆ ಬೀಪಾತುಮ್ಮ ಬಿಂಬುಳಿ ಹೆಚ್ಚುತ್ತಿರುವಾಗ ನಾನು ಎದ್ದು ಹೋಗಿ ಹಳೆಯ ಕ್ಯಾಸೆಟ್ ಹಾಕಿದೆ. ಶುಕ್ರವಾರವಲ್ಲದ ದಿನ ಇದೇನು ಎಂದು ಆಕೆ ತಲೆಯೆತ್ತಿ ನೋಡಿದಳು. ರಾಗ ಹತ್ತಿತು. ಡೋಲಿಗೆ ಕೋಲು ಬೀಳುವ ಮೊದಲೇ ನಾನು ಗುಂಡಿ ಒತ್ತಿ ಟೇಪು ನಿಲ್ಲಿಸಿ, ಉಳಿದದ್ದನ್ನು ನನ್ನ ಒಡಕು ದನಿಯಲ್ಲೇ ಹೇಳಿದೆ. ತುದಿ, ಇಳಿತ, ಆ ಸಣ್ಣ ಸ್ವರ, ತಿರುಗಿ ಬಂದು ನಿಲ್ಲುವುದು. ನನ್ನದು ಎಂಥ ದನಿ ಎಂದು ಆಕೆಗೆ ನಲುವತ್ತೈದು ವರ್ಷದಿಂದ ಗೊತ್ತು. ಆದರೂ ಕತ್ತಿ ಕೆಳಗಿಟ್ಟು ಕೊನೆಯವರೆಗೆ ಕೇಳಿದಳು.

“ಇಷ್ಟೇಯಾ?” ಎಂದಳು.

“ಇಷ್ಟೇ.”

“ಇಷ್ಟಕ್ಕೆ ಹನ್ನೆರಡು ವರ್ಷವಾ?”

ನಾನು ಉತ್ತರಕ್ಕೆ ಬಾಯಿ ತೆರೆದೆ. ಬಾಯಲ್ಲಿ ಬಿಂಬುಳಿಯ ನೀರು ತುಂಬಿಕೊಂಡಿತ್ತು. ಬೀಪಾತುಮ್ಮ ನನ್ನ ಮುಖ ನೋಡಿದಳು. ಬಿಂಬುಳಿಯ ಮೊರವನ್ನು ಎತ್ತಿ ತನ್ನ ಬೆನ್ನ ಹಿಂದೆ, ನನ್ನ ಕಣ್ಣಿಗೆ ಬೀಳದ ಹಾಗೆ ಇಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಬಲಗಿವಿಯ ಕಡೆಗೆ ಸರಿದು ಕೂತಳು.

“ಹ್ಞೂಂ, ಇನ್ನೊಮ್ಮೆ ಹೇಳಿ” ಎಂದಳು.